ಕೆಳಗಿನ ದನಿಯ ಹನ್ನೆರಡು ಮಕ್ಕಳು

ಆ ಶಾಲೆಗೆ ಕನ್ನಡ ಕಲಿಸಲು ಸೇರಿದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಒಬ್ಬ ಹೆಂಗಸಿನ ದನಿ ಕೇಳಿತು. "ನನ್ನ ಡಬ್ಬಿ ಮುಚ್ಚಳ ಯಾರವ್ವ ತಗಂಡಿದ್ದು? ಮುಚ್ಚಳ ಇಲ್ದೆ ಚಟ್ನಿ ಮನೆಗೆ ಹೆಂಗೆ ತಗಂಡು ಹೋಗ್ಲಿ?"

ನನ್ನ ಅಮ್ಮನ ತವರು ತಿಪಟೂರಿನ ಹತ್ತಿರ. ಅಲ್ಲಿಯವರು ಯಾರೋ ಇದ್ದಾರೆ ಎಂದುಕೊಂಡು ಒಳಗೆ ಹೋದೆ. ಮಾತಾಡಿದವರು ಎತ್ತರಕ್ಕಿದ್ದರು, ಬೂದು ಕಣ್ಣು, ಮೂಗಿನ ಮೇಲೆಲ್ಲ ಕಂದು ಚುಕ್ಕೆ. ನೂಲಿನ ಸೀರೆ ಉಟ್ಟಿದ್ದರು. ಹಣೆಯ ಮೇಲೆ ತೆಳ್ಳಗೆ ವಿಭೂತಿ ಇತ್ತು. ನನ್ನ ಮುಖದಲ್ಲಿ ಏನು ಕಂಡಿತೋ, "ಗಾಬರಿ ಆಗ್ಬೇಡ. ಎಲ್ಲರಿಗೂ ಮೊದಲನೇ ದಿನ ಹಿಂಗೇ ಆಗುತ್ತೆ. ನಾಳೆಗೆ ಸರಿಹೋಗುತ್ತೆ" ಅಂದರು.

ಅವರು ಜಾರ್ಜಿಯಾ ದೇಶದವರು. ಬನಶಂಕರಿಯ ಹುಡುಗನೊಬ್ಬ ಎಂಜಿನಿಯರಿಂಗ್ ಓದಲು ಅವರ ಊರಿಗೆ ಹೋದವನು ಅವರನ್ನು ಮದುವೆಯಾಗಿ ಕರೆದುಕೊಂಡು ಬಂದ. ಅದಾಗಿ ಮೂವತ್ತೈದು ವರ್ಷ. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಅವರು ಇಲ್ಲೇ ಉಳಿದಿದ್ದರು, ಅತ್ತೆಯ ಜೊತೆ, ಬನಶಂಕರಿ ಸೆಕೆಂಡ್ ಸ್ಟೇಜಿನ ಗಂಡನ ಮನೆಯಲ್ಲಿ. ಕನ್ನಡ ಕಲಿತದ್ದು ಅತ್ತೆಯಿಂದ. ಅತ್ತೆ ತಿಪಟೂರಿನವರಾದ್ದರಿಂದ ಇವರ ಮಾತೂ ತಿಪಟೂರಿನದು. ಮಕ್ಕಳು ಅವರನ್ನು ಹಾಡಿನ ಮಿಸ್ ಅನ್ನುತ್ತಿದ್ದರು. ಶಿಕ್ಷಕರೂ ಹಾಗೇ ಅನ್ನುತ್ತಿದ್ದರು. ನನಗೂ ಅದೇ ರೂಢಿಯಾಯಿತು.

ನಾನು ಬೇಗ ಹತ್ತಿರವಾಗುವವಳಲ್ಲ. ಮಧ್ಯಾಹ್ನ ಡಬ್ಬಿ ತೆರೆದಾಗ ಅವರ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು, ಅಲ್ಲಿ ಕೂರುತ್ತಿದ್ದೆ. ಮೊದಲ ವರ್ಷವೆಲ್ಲ ನಮ್ಮ ಸ್ನೇಹ ಅಷ್ಟೇ. ಅವರು ಹಾಡು ಕಟ್ಟುವವರು ಎಂಬುದು ನನಗೆ ತಿಳಿದದ್ದೇ ಎರಡನೇ ವರ್ಷ. ಮದುವೆಗೆ ಮೊದಲು ಅವರ ಊರಿನ ಸಂಗೀತ ಕಾಲೇಜಿನಲ್ಲಿ ರಾಗ ಸಂಯೋಜನೆ ಓದುತ್ತಿದ್ದರಂತೆ. ಬರೆದದ್ದೆಲ್ಲ ಒಂದು ಸೂಟ್‌ಕೇಸಿನಲ್ಲಿ ಮನೆಯ ಅಟ್ಟದ ಮೇಲಿತ್ತು. ಇಲ್ಲಿ ಇಪ್ಪತ್ತೆರಡು ವರ್ಷ ಅವರು ಕಲಿಸಿದ್ದು ಪ್ರಾರ್ಥನೆ, ನಾಡಿನ ಹಾಡು, ದೇಶದ ಹಾಡು. ಎಲ್ಲ ಮಕ್ಕಳಿಗೂ ಒಂದೇ ಧಾಟಿ.

"ನಮ್ಮ ಕಡೆ ಊಟಕ್ಕೆ ಕೂತ್ರೆ ಮೂರು ಜನ ಮೂರು ಥರ ಹಾಡ್ತಾರೆ, ಒಂದೇ ಹಾಡನ್ನ" ಎಂದು ಒಂದು ಮಧ್ಯಾಹ್ನ ಹೇಳಿದರು. "ಒಬ್ಬ ಮೇಲೆ ಹೋಗ್ತಾನೆ, ಒಬ್ಬ ಕೆಳಗಿರ್ತಾನೆ, ಇನ್ನೊಬ್ಬ ಮಧ್ಯ. ಎಲ್ಲರೂ ಒಂದೇ ಧಾಟಿ ಹಾಡೋದು ಅಂದ್ರೆ, ನಾಲ್ಕು ಜನ ಕೂತು ಒಂದೇ ತಟ್ಟೇಲಿ ಬರೀ ಅನ್ನ ತಿಂದಂಗೆ."

"ಇಲ್ಲಿ ಯಾವತ್ತೂ ಹಾಗೆ ಹಾಡಿಸಿಲ್ವಾ ಮಿಸ್?"

"ಯಾರು ಕೇಳ್ತಾರೆ? ಮಕ್ಕಳು ತಪ್ಪು ಹಾಡ್ತಾರೆ ಅಂತಾರೆ."

ಅದು ಅವರ ಕೊನೆಯ ವರ್ಷ. ಏಪ್ರಿಲ್‌ಗೆ ಅರವತ್ತು ತುಂಬುತ್ತಿತ್ತು. ಜುಲೈಯಲ್ಲಿ ಅವರು ಹೆಡ್ ಮೇಡಂ ಹತ್ತಿರ ಹೋಗಿ, ಡಿಸೆಂಬರಿನ ವಾರ್ಷಿಕೋತ್ಸವದಲ್ಲಿ ತಮ್ಮದೇ ಒಂದು ಹಾಡನ್ನು ಎರಡು ದನಿಯಲ್ಲಿ ಹಾಡಿಸಲೇ ಎಂದು ಕೇಳಿದರು. ಮೂರು ನಿಮಿಷ ಸಿಕ್ಕಿತು. ಹೊರಗೆ ಬಂದವರೇ ನನ್ನ ತೋಳು ಹಿಡಿದುಕೊಂಡರು.

"ಮಾತು ನೀನು ಬರ್ಕೊಡವ್ವ. ಎಂಟೇ ಸಾಲು. ಒಂದು ಸಲ ಕೇಳ್ಬೇಕು ಅಷ್ಟೇ. ಎಂಟು ಸಾಲು ಎರಡು ದನಿ ನಿಂತ್ಕಂಡ್ರೆ ಸಾಕು, ಆಮೇಲೆ ನಾನು ಮನೇಲಿ ಅತ್ತೆ ಕಾಲು ಒತ್ಕಂಡು ಇರ್ತೀನಿ."

ಬರೆದುಕೊಡುತ್ತೇನೆ ಎಂದೆ. ಆ ಭಾನುವಾರ ಸುಬ್ರಹ್ಮಣ್ಯಪುರದಿಂದ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಹಳೆಯ ಹಾರ್ಮೋನಿಯಂ ಒಂದರಲ್ಲಿ ಮೊದಲು ಮೇಲಿನ ಧಾಟಿ ನುಡಿಸಿದರು, ಆಮೇಲೆ ಕೆಳಗಿನದು, ಆಮೇಲೆ ಮೇಲಿನದನ್ನು ನುಡಿಸುತ್ತ ಕೆಳಗಿನದನ್ನು ಹಾಡಿದರು. ಅತ್ತೆ ಮಂಚದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು.

"ಕೇಳಿದ್ಯಾ ಮಗಾ?" ಅಂದರು ನನಗೆ. "ನನ್ನ ಸೊಸೆ ಹಾಡು ಅಂದ್ರೆ ಯಾವಾಗ್ಲೂ ಪಕ್ಕದ ಮನೇಲಿ ಇಬ್ರು ಜಗಳ ಆಡಿದಂಗೆ."

"ಜಗಳ ಅಲ್ಲ ಅತ್ತೆ, ಮಾತುಕತೆ."

"ಇಬ್ರೂ ಒಟ್ಟಿಗೆ ಮಾತಾಡಿದ್ರೆ ಜಗಳಾನೇ ಕಣೆ."

ಶಾಲೆಯ ಅಂಗಳದಲ್ಲಿ ಒಂದು ಹೊಂಗೆ ಮರವಿದೆ. ಆಟದ ಪೀರಿಯಡ್ಡಿನಲ್ಲಿ ಮಕ್ಕಳು ಅದರ ಬುಡದಲ್ಲಿ ಶೂ ಬಿಟ್ಟು ಓಡುತ್ತಾರೆ. ಆ ಶೂಗಳ ಮೇಲೆ ಎಂಟು ಸಾಲು ಬರೆದೆ. ಹೂ ಉದುರುವ ದಿನಗಳಲ್ಲಿ ಶೂಗಳ ಒಳಗೆಲ್ಲ ಹೂವು ತುಂಬಿರುತ್ತದೆ ಎಂಬುದಷ್ಟೇ ಅದರ ಸಾರ. ಎಷ್ಟು ಸಣ್ಣ ಸಂಗತಿ ಅದು ಎಂದು ನನಗೆ ಗೊತ್ತಿತ್ತು. ಆದರೂ ಎಂಟು ಸಾಲನ್ನು ಹನ್ನೊಂದು ಸಲ ತಿದ್ದಿದ್ದೆ. ನಾನು ಬರೆದ ಯಾವುದನ್ನೂ ಅಷ್ಟು ಜನ ಕೇಳುವ ಪ್ರಸಂಗ ಅದಕ್ಕೆ ಮೊದಲು ಬಂದಿರಲಿಲ್ಲ.

ಐದು, ಆರನೇ ತರಗತಿಯಿಂದ ಇಪ್ಪತ್ನಾಲ್ಕು ಮಕ್ಕಳನ್ನು ಆರಿಸಿದರು. ಹನ್ನೆರಡು ಮಂದಿ ಮೇಲೆ, ಹನ್ನೆರಡು ಮಂದಿ ಕೆಳಗೆ. ಕೆಳಗಿನ ದನಿಯವರಿಗೆ ಅವರು ಒಂದು ಉಪಾಯ ಹೇಳಿಕೊಟ್ಟರು. ಮೇಲಿನವರ ಕಡೆಗಿರುವ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಳ್ಳಬೇಕು. ಹಾಗೆ ಮಾಡಿದರೆ ತಮ್ಮ ದನಿ ತಮಗೇ ದೊಡ್ಡದಾಗಿ ಕೇಳುತ್ತದೆ, ಪಕ್ಕದವರ ಧಾಟಿ ಎಳೆಯುವುದಿಲ್ಲ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮಕ್ಕಳು ಕಿವಿ ಮುಚ್ಚದೆಯೇ ಎಂಟು ಸಾಲೂ ನಿಲ್ಲುತ್ತಿದ್ದರು. ಆ ಖುಷಿಗೆ ಹಾಡಿನ ಮಿಸ್ ಆ ವಾರ ಮೂರು ದಿನ ಡಬ್ಬಿಯ ಮುಚ್ಚಳ ಶಾಲೆಯಲ್ಲೇ ಮರೆತು ಹೋದರು.

ಅವರ ಹತ್ತಿರ ಇದ್ದದ್ದು ಬಟನ್ ಫೋನು. ಹಾಗಾಗಿ ಹಾಡನ್ನು ರೆಕಾರ್ಡ್ ಮಾಡಿ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ದಸರಾ ರಜೆಗೆ ಮುಂಚಿನ ಶುಕ್ರವಾರ ಹಾಕಿದೆ. ಸಂಜೆ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಒಬ್ಬ ತಾಯಿಯ ಪ್ರಶ್ನೆ ಬಂತು. "ಮೇಡಂ, ಮಕ್ಕಳು ಎರಡು ರೀತಿ ಹಾಡ್ತಿದಾರಲ್ಲ. ಯಾವುದು ಸರಿ?"

ಒಂದು ಕೈಯಲ್ಲಿ ಟೈಪ್ ಮಾಡುವುದು ಕಷ್ಟ ಎಂಬುದು ನಿಜ. ಬಸ್ಸು ತುಂಬಿತ್ತು ಎಂಬುದೂ ನಿಜ. ಆದರೆ ನಾನು "ಮೇಲಿನದು" ಎಂದು ಒಂದೇ ಪದ ಬರೆದು ಕಳಿಸಿದ್ದಕ್ಕೆ ಬೇರೆ ಕಾರಣವಿತ್ತು. ಮೇಲಿನ ಧಾಟಿಯಲ್ಲಿ ನನ್ನ ಮಾತುಗಳು ಒಂದೊಂದೂ ಬಿಡಿಯಾಗಿ ಕೇಳುತ್ತಿದ್ದವು. ಕೆಳಗಿನದರಲ್ಲಿ ಅದೇ ಪದಗಳನ್ನು ಉದ್ದಕ್ಕೆ ಎಳೆಯುತ್ತಿದ್ದರು, ಅರ್ಥ ಮುಳುಗುತ್ತಿತ್ತು. ನಾನೂ ಒಂಬತ್ತು ವರ್ಷ ಜಯನಗರದಲ್ಲಿ ಕರ್ನಾಟಕ ಸಂಗೀತದ ಪಾಠಕ್ಕೆ ಹೋದವಳು. ಪಕ್ಕದವಳ ಸ್ವರ ನನ್ನದಕ್ಕಿಂತ ಬೇರೆ ಬಂದರೆ ನಮ್ಮಿಬ್ಬರಲ್ಲಿ ಒಬ್ಬಳಿಗೆ ಬೈಗುಳ ಖಾತ್ರಿ. ಎರಡು ಧಾಟಿ ಕೇಳಿದಾಗ ನನ್ನ ಕಿವಿಯೂ ಒಂದನ್ನು ಸರಿ ಎಂದು ಆರಿಸಿಕೊಂಡುಬಿಟ್ಟಿತ್ತು.

ರಜೆ ಮುಗಿದು ಮಕ್ಕಳು ಬಂದರು. ಕೆಳಗಿನ ದನಿಯಲ್ಲಿ ಒಂಬತ್ತು ಮಂದಿ ಮಾತ್ರ ನಿಂತರು. ಮೂವರು ಎರಡನೇ ಸಾಲಿಗೇ ಮೇಲಿನ ಧಾಟಿಗೆ ಹತ್ತಿದರು. ಮುಂದಿನ ವಾರ ಆರು ಮಂದಿ ಉಳಿದರು. ಅದರ ಮುಂದಿನ ವಾರ ನಾಲ್ಕು. ನಾನು ಹಿಂದಿನ ಬೆಂಚಿನಲ್ಲಿ ಕೂತು ಎಣಿಸುತ್ತಿದ್ದೆ. ಏನಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಮನೆಮನೆಯಲ್ಲಿ ತಾಯಂದಿರು ಮೊಬೈಲಿನಲ್ಲಿ ಶ್ರುತಿ ಹಾಕಿ, ಸ್ಕೂಟರಿನ ಮೇಲೆ, ಜಡೆ ಹಾಕುವಾಗ, ತಮ್ಮ ಮಗು ತಪ್ಪಾಗಿ ಹಾಡುತ್ತಿದೆ ಎಂದು ತಿದ್ದುತ್ತಿದ್ದರು.

ಹಾಡಿನ ಮಿಸ್‌ಗೆ ಅದು ಗೊತ್ತಿರಲಿಲ್ಲ. ತಾವು ಬರೆದ ರೀತಿಯೇ ಸರಿಯಿಲ್ಲ ಎಂದುಕೊಂಡರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಹಾಳೆಯ ಮೇಲೆ ಕೆಳಗಿನ ಧಾಟಿಯನ್ನು ತಿದ್ದುತ್ತ ಕೂರುತ್ತಿದ್ದರು. ಇಲ್ಲೊಂದು ಸ್ವರ ಸುಲಭ ಮಾಡುತ್ತಿದ್ದರು, ಅಲ್ಲೊಂದು ಹೊಡೆದು ಹಾಕುತ್ತಿದ್ದರು. ನವೆಂಬರಿನ ಮೊದಲ ವಾರ ಆ ಹಾಳೆಯನ್ನು ಎರಡು ಮಡಿಕೆ ಮಾಡಿ ಬ್ಯಾಗಿಗೆ ಹಾಕಿದರು.

"ಬಿಡವ್ವ. ಎಲ್ಲರೂ ಮೇಲಿನದೇ ಹಾಡ್ಲಿ. ಮೂವತ್ತೈದು ವರ್ಷ ಬಿಟ್ಟ ಕೈ, ಬರಲ್ಲ ಇನ್ನು. ಮಕ್ಕಳಿಗೆ ಯಾಕೆ ಹಿಂಸೆ."

ಆಗ ಹೇಳಬೇಕಿತ್ತು. ಹೇಳಲಿಲ್ಲ. ಬದಲಿಗೆ ತುಂಬ ಬುದ್ಧಿವಂತಿಕೆಯಿಂದ ಒಂದು ಸಲಹೆ ಕೊಟ್ಟೆ. "ಮಿಸ್, ಒಂದು ಶನಿವಾರ ತಾಯಂದಿರನ್ನ ಕರೆಸೋಣ. ಮನೇಲಿ ಹೇಗೆ ಪ್ರಾಕ್ಟೀಸ್ ಮಾಡಿಸ್ಬೇಕು ಅಂತ ನೀವೇ ಹೇಳಿ." ನನ್ನ ಹೆಸರು ಬಾರದೆ ನನ್ನ ತಪ್ಪು ಸರಿಯಾಗಲಿ ಎಂಬ ಲೆಕ್ಕ ನನ್ನದು.

ಶನಿವಾರ ಹತ್ತೊಂಬತ್ತು ತಾಯಂದಿರು ಬಂದರು. ಅವರ ಜೊತೆ ಬಿಳಿ ಪಂಚೆ ಉಟ್ಟ ಒಬ್ಬ ಅಜ್ಜ. ಅವರ ಮೊಮ್ಮಗಳು ಕೆಳಗಿನ ದನಿಯಲ್ಲಿದ್ದಳು. ಶಾಲೆ ಇರುವ ಜಾಗ ಒಂದು ಕಾಲದಲ್ಲಿ ಅವರ ರಾಗಿ ಹೊಲ. ಅದನ್ನು ಅವರು ಬಂದ ಐದು ನಿಮಿಷದಲ್ಲಿ ಎಲ್ಲರಿಗೂ ತಿಳಿಸಿದರು. ಎಲ್ಲರೂ ಐದನೇ ತರಗತಿಯ ಸಣ್ಣ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ಕೂತರು.

ಹಾಡಿನ ಮಿಸ್ ಎರಡು ದನಿಯ ವಿಷಯ ಶುರು ಮಾಡಿದ್ದೇ ತಡ, ಮುಂದಿನ ಬೆಂಚಿನಿಂದ ಒಬ್ಬ ತಾಯಿ ಎದ್ದರು.

"ಮಿಸ್, ಒಂದ್ ನಿಮಿಷ. ನಮ್ಮವಳು ಮನೇಲಿ ಒಂದು ಕಿವಿ ಮುಚ್ಕೊಂಡು ಹಾಡ್ತಾ ಇದ್ಳು. ಕಿವಿ ನೋವೇನೋ ಅಂತ ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ. ಅವರು ಡ್ರಾಪ್ಸ್ ಬೇರೆ ಬರ್ಕೊಟ್ರು!"

ಎಲ್ಲರೂ ನಕ್ಕರು. ಹಾಡಿನ ಮಿಸ್ ಕೂಡ ನಕ್ಕರು. "ಡ್ರಾಪ್ಸ್ ಹಾಕಿದ್ರಾ?"

"ಹಾಕಿದ್ವಿ. ಆಮೇಲೆ ಸರಿಯಾಗಿ ಹಾಡಿದ್ಳು."

"ಸರಿಯಾಗಿ ಅಂದ್ರೆ?"

"ಅದೇ ಮಿಸ್, ಮೇಲಿನ ಟ್ಯೂನ್. ಅವಳು ಬೇರೆ ಏನೋ ಎಳೀತಾ ಇದ್ಳು. ದಿನಾ ಕೂರಿಸ್ಕೊಂಡು ತಿದ್ದಿದೀನಿ."

"ನಾನೂ ತಿದ್ದಿದೆ" ಎಂದರು ಹಿಂದಿನಿಂದ ಇನ್ನೊಬ್ಬರು. "ಅವಳ ಸಂಗೀತದ ಪಾಠದ ಮಿಸ್‌ಗೂ ಹೇಳಿ ತಿದ್ದಿಸಿದೆ."

ಹಾಡಿನ ಮಿಸ್ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಆ ಮಕ್ಕಳಿಗೆ ನಾನೇ ಹಂಗೆ ಹಾಡೋಕೆ ಹೇಳ್ಕೊಟ್ಟಿದ್ದು. ತಪ್ಪು ಅಂತ ನಿಮಗೆ ಯಾರು ಹೇಳಿದ್ರು?"

ಮುಂದಿನ ಬೆಂಚಿನ ತಾಯಿ ಫೋನು ತೆಗೆದು ಬೆರಳಿನಿಂದ ಮೇಲೆ ಮೇಲೆ ಸರಿಸಿ, ಪರದೆಯನ್ನು ಅವರ ಕಡೆ ತಿರುಗಿಸಿದರು. ಆಮೇಲೆ ನನ್ನ ಕಡೆ ನೋಡಿದರು. ಅವರಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. "ನಮ್ಮ ಕನ್ನಡ ಮೇಡಮ್ಮೇ ಹೇಳಿದ್ರಲ್ಲ. ಮೇಲಿನದು ಸರಿ ಅಂತ."

ಹಾಡಿನ ಮಿಸ್ ಕನ್ನಡ ಓದುವುದು ನಿಧಾನ. ಒಂದು ಪದ, ಅದರ ಮೇಲೆ ನನ್ನ ಹೆಸರು, ತಾರೀಖು. ಅದನ್ನು ಓದಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ನಾನು ಕಪ್ಪುಹಲಗೆಯ ಮೂಲೆಯಲ್ಲಿ ಯಾರೋ ಬರೆದಿದ್ದ ಹಾಜರಿ ಸಂಖ್ಯೆಯನ್ನು ನೋಡುತ್ತ ನಿಂತಿದ್ದೆ. ಮೂವತ್ತೆಂಟಕ್ಕೆ ಮೂವತ್ತೈದು.

"ಇವಳು ಹೇಳಿದ್ದು ಸರಿನೇ" ಅಂದರು ಅವರು ಕೊನೆಗೆ. "ಮೇಲಿನದು ಸರಿ. ಕೆಳಗಿನದನ್ನ ಯಾರೂ ಕೇಳಲಿಲ್ಲ, ಇವಳು ಹೇಳಲಿಲ್ಲ." ಫೋನು ವಾಪಸು ಕೊಟ್ಟು, "ಕನ್ನಡ ಮಿಸ್, ಬಾ ಇಲ್ಲಿ. ಕೆಳಗಿನದು ಹಾಡು. ಇವರೆಲ್ಲ ಮೇಲಿನದು ಹಾಡ್ತಾರೆ. ಹೆಂಗೂ ಎಲ್ಲರಿಗೂ ಬಾಯಿಪಾಠ ಆಗಿದೆ" ಎಂದರು.

ಸಂಗೀತದ ಪಾಠ ಬಿಟ್ಟ ಮೇಲೆ ನಾನು ಯಾರ ಎದುರಿಗೂ ಹಾಡಿರಲಿಲ್ಲ. ಬೇಡ ಎನ್ನುವ ಸ್ಥಿತಿಯಲ್ಲೂ ಇರಲಿಲ್ಲ. ಅವರು ಹಾರ್ಮೋನಿಯಂನಲ್ಲಿ ಸ್ವರ ಕೊಟ್ಟರು. ಹತ್ತೊಂಬತ್ತು ತಾಯಂದಿರು ಒಂದೇ ಕಂಠದಲ್ಲಿ ಮೇಲಿನದನ್ನು ಎತ್ತಿಕೊಂಡರು. ನಾನು ಎರಡನೇ ಸಾಲಿನಲ್ಲಿ ಜಾರಿದೆ. ಮತ್ತೆ ಶುರು ಮಾಡಿಸಿದರು. ಮೂರನೇ ಸಾಲಿನಲ್ಲಿ ಜಾರಿದೆ. ಮೂರನೇ ಸಲ ನಾನು ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡೆ. ನನ್ನ ದನಿ ತಲೆಯೊಳಗೆ ದೊಡ್ಡದಾಗಿ ಕೇಳಿತು. ಅದರ ಹೊರಗೆ, ದೂರದಲ್ಲಿ ಎಂಬಂತೆ, ಆ ಹೆಂಗಸರೆಲ್ಲ ಇದ್ದರು. ನಾಲ್ಕು ಸಾಲು ನಿಂತೆ. ನನ್ನ ಮಾತುಗಳು ಎಳೆದುಕೊಂಡು ಹೋಗುತ್ತಿದ್ದವು, ಅರ್ಥ ಮುಳುಗುತ್ತಿತ್ತು. ಅದರ ಮೇಲೆ ಅವೇ ಮಾತುಗಳು ಬಿಡಿಬಿಡಿಯಾಗಿ ಹೂವಿನ ಹಾಗೆ ಬೀಳುತ್ತಿದ್ದವು. ಕೆಳಗಿನ ಧಾಟಿ ಏಕೆ ಅಷ್ಟು ನಿಧಾನ ಎಂದು ನನಗೆ ಆಗ ತಿಳಿಯಿತು.

ಆಮೇಲೆ ತಾಯಂದಿರ ಸರದಿ. ಅರ್ಧ ಜನರನ್ನು ಕೆಳಗಿನ ದನಿಗೆ ಹಾಕಿದರು. ಒಂದೇ ಸಾಲಿಗೆ ಎಲ್ಲರೂ ಮೇಲೆ ಹತ್ತಿದರು.

"ಅಯ್ಯಯ್ಯೋ, ಎಳ್ಕೊಂಡು ಹೋಗುತ್ತೆ ಮಿಸ್!"

"ಏಯ್, ನೀನು ನನ್ನ ಪಕ್ಕ ಕೂತ್ಕೋಬೇಡ, ನಿನ್ನಿಂದಾನೇ ನಂದು ಹಾಳಾಗ್ತಿರೋದು."

"ನಿಮ್ಮ ಮಕ್ಕಳು ಎಂಟು ಸಾಲು ನಿಂತಿದ್ರು" ಎಂದರು ಹಾಡಿನ ಮಿಸ್. "ಕಿವಿ ಮುಚ್ಚದಲೆ."

ಡ್ರಾಪ್ಸ್ ಹಾಕಿಸಿದ ತಾಯಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಛೆ, ಪಾಪ ನಮ್ಮವಳು! ಬೈದುಬಿಟ್ಟಿದ್ದೆ."

ಎಲ್ಲರೂ ಹೋದ ಮೇಲೆ ಬೆಂಚು ಸರಿಸುತ್ತ, "ಮಿಸ್, ನಾನು..." ಎಂದು ಶುರು ಮಾಡಿದೆ.

"ನೀನು ಬರೆದದ್ದಕ್ಕೆ ನಂಗೆ ಬೇಜಾರಿಲ್ಲ" ಅಂದರು ಅವರು, ಹಾರ್ಮೋನಿಯಂ ಮುಚ್ಚುತ್ತ. "ಒಂದು ತಿಂಗಳು ನನ್ನ ಕೈಯೇ ಸರಿಯಿಲ್ಲ ಅಂತ ಕೂತು ಹೊಡೆದು ಹಾಕ್ತಿದ್ನಲ್ಲ, ಪಕ್ಕದಲ್ಲೇ ಕೂತು ನೋಡ್ತಿದ್ದೆ ನೀನು. ಅದಕ್ಕೆ ಬೇಜಾರು."

ಸೋಮವಾರ, ಮಂಗಳವಾರ ಅವರು ಊಟಕ್ಕೆ ಬೇರೆ ಕಡೆ ಕೂತರು. ಬುಧವಾರ ನನ್ನ ಮೇಜಿನ ಮೇಲೆ ಆ ಮಡಿಸಿದ ಹಾಳೆ ಇತ್ತು. ಹೊಡೆದು ಹಾಕಿದ ಸ್ವರಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಮತ್ತೆ ಬರೆದಿದ್ದರು. "ಕೆಳಗಿನವರನ್ನ ಇನ್ನು ನೀನು ನೋಡ್ಕೋ. ಐದು ವಾರ ಇದೆ" ಅಂದರು.

ಆ ಐದು ವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ ಹನ್ನೆರಡು ಮಕ್ಕಳ ಜೊತೆ ಹೊಂಗೆ ಮರದ ಕೆಳಗೆ ನಿಂತೆ. ಮಕ್ಕಳಿಗೆ ಈಗ ಎರಡೂ ಧಾಟಿ ಬರುತ್ತಿದ್ದವು, ಅದೇ ತೊಂದರೆ. ಹೊಸದಾಗಿ ಕಲಿಸುವುದಕ್ಕಿಂತ ಕಲಿತದ್ದನ್ನು ಹಿಡಿದು ನಿಲ್ಲಿಸುವುದು ಕಷ್ಟ. ನಾಲ್ಕಿದ್ದವರು ಏಳಾದರು, ಹತ್ತಾದರು. ಹೆಡ್ ಮೇಡಂ ಒಂದು ದಿನ ನೋಡಿ, ಸ್ಟೇಜಿನ ಮೇಲೆ ಮಾತ್ರ ಯಾರೂ ಕಿವಿ ಮುಚ್ಚಿಕೊಳ್ಳುವಂತಿಲ್ಲ, ನೋಡೋರಿಗೆ ಚೆನ್ನಾಗಿರಲ್ಲ ಎಂದು ಹೇಳಿ ಹೋದರು.

ವಾರ್ಷಿಕೋತ್ಸವದ ಸಂಜೆ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ನಮ್ಮ ಹಾಡು ಎರಡು ಡ್ಯಾನ್ಸುಗಳ ನಡುವೆ. ನಾನು ಸ್ಟೇಜಿನ ಪಕ್ಕದ ಮೆಟ್ಟಿಲಲ್ಲಿ, ಕೆಳಗಿನ ದನಿಯವರಿಗೆ ಕಾಣುವ ಹಾಗೆ ನಿಂತೆ. ಹಾಡಿನ ಮಿಸ್ ಸಭೆಗೆ ಬೆನ್ನು ಮಾಡಿ ಕೈ ಎತ್ತಿದರು.

ಐದು ಸಾಲು ಎರಡೂ ದನಿ ನಿಂತವು. ಆರನೇ ಸಾಲಿನಲ್ಲಿ ಮೇಲಿನವರು ಉತ್ಸಾಹದಿಂದ ಗಟ್ಟಿಯಾದರು. ಕೆಳಗಿನ ದನಿ ಅಲುಗಾಡಿತು, ಒಂದೊಂದೇ ಕಂಠ ಮೇಲೆ ಹತ್ತತೊಡಗಿತು. ಸಾಲು ಮುಗಿಯುವ ಮುನ್ನ ಎಲ್ಲ ಒಂದೇ ಧಾಟಿಯಾಗಿತ್ತು. ಹಾಡಿನ ಮಿಸ್ ಕೈ ಆಡಿಸುವುದನ್ನು ನಿಲ್ಲಿಸಲಿಲ್ಲ. ಆಗ ಅಜ್ಜನ ಮೊಮ್ಮಗಳು, ಯಾರನ್ನೂ ನೋಡದೆ, ಬಲಗೈ ಎತ್ತಿ ಕಿವಿ ಮುಚ್ಚಿಕೊಂಡಳು. ಅವಳ ಪಕ್ಕದವನು ಮುಚ್ಚಿಕೊಂಡ. ಒಂದು ಕ್ಷಣದಲ್ಲಿ ಹನ್ನೆರಡು ಅಂಗೈಗಳು ಹನ್ನೆರಡು ಕಿವಿಗಳ ಮೇಲಿದ್ದವು. ಸಭೆಯಲ್ಲಿ ನಗು ಎದ್ದಿತು. ಮಕ್ಕಳಿಗೆ ಅದು ಕೇಳಿಸಿರಲಾರದು. ಏಳನೇ ಸಾಲಿಗೆ ಅವರು ಕೆಳಗಿಳಿದು ತಮ್ಮ ಜಾಗದಲ್ಲಿ ನಿಂತಿದ್ದರು.

ಎಂಟನೇ ಸಾಲಿನ ನಡುವೆ ಹಾಡಿನ ಮಿಸ್ ಎರಡೂ ಕೈ ಕೆಳಗೆ ಬಿಟ್ಟರು. ಮಕ್ಕಳು ತಾವೇ ಹಾಡಿ ಮುಗಿಸಿದರು. ಅವರು ಸುಮ್ಮನೆ ನಿಂತು ಕೇಳಿದರು.

ಕೆಳಗಿಳಿದು ಬಂದಾಗ ಅಜ್ಜ ಪಂಚೆ ಎತ್ತಿ ಹಿಡಿದು ಎದುರಾದರು. "ಸಖತ್ತಾಗಿತ್ತು ಕಣಮ್ಮ. ನಮ್ಮ ಕೂಸಿನ ಸೈಡಿನವರು ಮಾತ್ರ ಸ್ವಲ್ಪ ತಪ್ಪು ಹಾಡಿದ್ರು, ಅಲ್ವಾ?"

"ಹೂಂ ಯಜಮಾನ್ರೇ" ಎಂದರು ಹಾಡಿನ ಮಿಸ್. "ಬಹಳ ಚೆನ್ನಾಗಿ ತಪ್ಪು ಹಾಡಿದ್ರು."

ಅಜ್ಜ ಮೊಮ್ಮಗಳನ್ನು ಹುಡುಕಿಕೊಂಡು ಹೋದರು. ಸ್ಟೇಜಿನ ಮೇಲೆ ಮುಂದಿನ ಡ್ಯಾನ್ಸಿನ ಸಂಗೀತ ಜೋರಾಗಿ ಶುರುವಾಯಿತು. ಹಾಡಿನ ಮಿಸ್ ನನ್ನ ಕಿವಿಯ ಹತ್ತಿರ ಬಾಗಿ ಕೂಗಿ ಕೇಳಿದರು. "ಎಷ್ಟು ಸಾಲು ನಿಂತ್ರು? ನೀನು ಎಣಿಸಿರ್ತೀಯ."

"ಏಳು ಮಿಸ್. ಆರನೇದು ಹೋಯ್ತು."

ಅವರು ತಲೆ ಆಡಿಸಿದರು. "ಆ ಆರನೇ ಸಾಲು ನಾನು ಬರೆದಿದ್ದೇ ಸರಿಯಿಲ್ಲ ಅನ್ಸುತ್ತೆ."

"ಇಲ್ಲ ಮಿಸ್" ಎಂದು ನಾನೂ ಕೂಗಿ ಹೇಳಿದೆ. "ನೀವು ಬರೆದಿದ್ದು ಸರಿ ಇದೆ. ಜಾರಿದ್ದು ನಾವು."